ಟ್ಯಾಂಕಿಗೆ ಸುರಿದ ಔಷಧಿ ಎಲ್ಲಿಗೆ ಹೋಗುತ್ತೆ?

ಬಾಯ್ಲರ್ ಕೋಳಿಗೆ ಇಂಜೆಕ್ಷನ್ ಚುಚ್ಚಿ ಉಬ್ಬಿಸ್ತಾರೆ ಅಂತ ನಂಬಿರೋರು ಒಂದ್ಸಲ ಕೈ ಎತ್ತಿ ನೋಡೋಣ. ಆಯ್ತು, ಇಳಿಸಿ, ಮುಕ್ಕಾಲು ಹಾಲ್ ಎತ್ತಿದೆ. ಎಲ್ಲಿ ಹೋದ್ರೂ ಇದೇ ಕಥೆ. ನಾನು ಪಶುವೈದ್ಯ, ಊರೂರು ತಿರುಗಿದೋನು, ಆಮೇಲೆ ಸುಮಾರು ವರ್ಷ ಲ್ಯಾಬಲ್ಲಿ ಕೂತು ಕೋಳಿ ಕರುಳಿನ ಬ್ಯಾಕ್ಟೀರಿಯಾ ಬೆಳೆಸಿ ನೋಡಿದೋನು, ಅದಕ್ಕೇ ಹೇಳ್ತಿದೀನಿ, ಆ ಇಂಜೆಕ್ಷನ್ ಕಥೆ ಸುಳ್ಳು. ಒಂದು ಶೆಡ್ಡಲ್ಲಿ 5,000 ಕೋಳಿ ಇರುತ್ತೆ ಅಂದ್ಕೊಳ್ಳಿ, ಒಂದೊಂದನ್ನೂ ಹಿಡಿದು ದಿನಾ ಸೂಜಿ ಚುಚ್ಚೋಕೆ ಎಷ್ಟು ಆಳು ಬೇಕು, ಕೂಲಿ ಎಷ್ಟಾಗುತ್ತೆ, ಹಿಡಿಯೋ ಗಲಾಟೆಗೇ ಎಷ್ಟು ಸಾಯುತ್ತೆ ಲೆಕ್ಕ ಹಾಕಿ. ಕೆಜಿಗೆ ಕೆಲವೇ ರೂಪಾಯಿ ಸಾಕಾಣಿಕೆ ಕೂಲಿ ತಗೊಳ್ಳೋ ರೈತನಿಗೆ ಅದು ಆಗೋ ಮಾತಲ್ಲ.

ಮತ್ತೆ 40 ದಿನಕ್ಕೆ ಎರಡು ಕೆಜಿ ಹೆಂಗಾಗುತ್ತೆ? ತಳಿ. ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯವರು ಒಂದು ಚೆಂದದ ಕೆಲಸ ಮಾಡಿದ್ರು, 1957ರ ಕಾಲದ ತಳಿ, 1978ರ ತಳಿ, 2005ರ ತಳಿ, ಮೂರನ್ನೂ ಒಟ್ಟಿಗೆ ಇಟ್ಕೊಂಡು ಒಂದೇ ಫೀಡ್ ಹಾಕಿ ಸಾಕಿದ್ರು. 56 ದಿನಕ್ಕೆ ತೂಗಿದಾಗ ಹಳೇದು 905 ಗ್ರಾಂ, ಮಧ್ಯದ್ದು 1,808, ಹೊಸದು 4,202 ಗ್ರಾಂ. ಫೀಡ್ ಒಂದೇ, ದಿನ ಒಂದೇ. ತಲೆಮಾರು ತಲೆಮಾರು ದಪ್ಪಗಿರೋದನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದರ ಫಲ ಅದು.

ಇದನ್ನ ಮೊದಲೇ ಯಾಕೆ ಹೇಳ್ದೆ ಅಂದ್ರೆ, ನಾವು ಇಲ್ಲದ ಸೂಜಿಗೆ ಹೆದರ್ಕೊಂಡು ಕೂತಿರ್ತೀವಿ, ಇರೋ ಟ್ಯಾಂಕ್ ಕಡೆ ಯಾರೂ ನೋಡಲ್ಲ.

ಟ್ಯಾಂಕ್ ಅಂದ್ರೆ ಶೆಡ್ಡಿನ ಪಕ್ಕ ಕಲ್ಲುಚಪ್ಪಡಿ ಮೇಲೆ ಇಟ್ಟಿರೋ ಕಪ್ಪು ಸಿಂಟೆಕ್ಸ್, 500 ಲೀಟರಿಂದು. ಅಲ್ಲಿಂದ ಪೈಪಲ್ಲಿ ನೀರು ಒಳಗೆ ಹೋಗುತ್ತೆ, ನಿಪ್ಪಲ್ ಲೈನ್ ಅಂತಾರೆ, ಕೋಳಿ ಕೊಕ್ಕಲ್ಲಿ ಕುಟ್ಟಿದ್ರೆ ಹನಿ ಬೀಳುತ್ತೆ. ಔಷಧಿ, ಅಂದ್ರೆ ಆಂಟಿಬಯೋಟಿಕ್, ಹಾಕೋ ದಿನ ಬೆಳಗ್ಗೆ ಒಂದೆರಡು ಗಂಟೆ ನೀರು ನಿಲ್ಲಿಸ್ತಾರೆ, ಬಾಯಾರಿಕೆ ಆಗಲಿ ಅಂತ. ಆಮೇಲೆ ಕೋಳಿ ಕಂಪನಿ ಸೂಪರ್‌ವೈಸರ್ ಕೊಟ್ಟು ಹೋಗಿರೋ ಬಾಟ್ಲಿ ತೆಗೆದು, ಮುಚ್ಚಳದಲ್ಲಿ ಅಳತೆ ಮಾಡಿ, ಕೆಲವೊಮ್ಮೆ ಅಳತೆ ಇಲ್ಲದೆ ‘ಇಷ್ಟು ಸಾಕು’ ಅಂತ ಸುರಿದು, ಒಂದು ಉದ್ದನೆ ಕೋಲಲ್ಲಿ ತಿರುವ್ತಾರೆ. ವಾಲ್ವ್ ತೆಗೆದ ತಕ್ಷಣ ಕೋಳಿಗಳೆಲ್ಲ ಲೈನಿಗೆ ಮುಗಿಬೀಳುತ್ತೆ.

ಈಗ ಹೇಳಿ, ಯಾವ ಕೋಳಿ ಜಾಸ್ತಿ ಕುಡಿಯುತ್ತೆ? ಗಟ್ಟಿಮುಟ್ಟಾಗಿರೋದು. ರೋಗ ಬಂದಿರೋದು ರೆಕ್ಕೆ ಇಳಿಬಿಟ್ಕೊಂಡು, ಕಣ್ಣು ಅರ್ಧ ಮುಚ್ಕೊಂಡು ಮೂಲೇಲಿ ಹೊಟ್ಟಿನ ಮೇಲೆ ಕೂತಿರುತ್ತೆ, ಅದಕ್ಕೆ ಎದ್ದು ಬಂದು ತಳ್ಳಾಡಿ ನೀರು ಕುಡಿಯೋ ಶಕ್ತಿ ಎಲ್ಲಿದೆ. ಹಂಗಾಗಿ ಔಷಧಿ ಬೇಕಾಗಿದ್ದಕ್ಕೆ ಅರ್ಧಂಬರ್ಧ ಸಿಗುತ್ತೆ, ಬೇಡವಾಗಿದ್ದಕ್ಕೆ ಹೊಟ್ಟೆ ತುಂಬ ಸಿಗುತ್ತೆ. ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆ ಸ್ಕೂಲ್ ಬೇರೆ ಇಲ್ಲ. ಪೂರ್ತಿ ಸಾಯೋಷ್ಟು ಡೋಸ್ ಬರಲ್ಲ, ಬಡವಾಗಿರೋವು ಸಾಯ್ತವೆ, ತಡ್ಕೊಳ್ಳೋವು ಉಳಿಯುತ್ತೆ, ಉಳಿದಿದ್ದು ಮರಿ ಹಾಕುತ್ತೆ. ಈ. ಕೋಲಿ ಅನ್ನೋ ಕರುಳಿನ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕಿದ್ರೆ 20 ನಿಮಿಷಕ್ಕೊಂದ್ಸಲ ಎರಡಾಗುತ್ತೆ, ರಾತ್ರಿ ಮಲಗಿ ಎಂಟು ಗಂಟೆ ಬಿಟ್ಟು ಏಳೋ ಹೊತ್ತಿಗೆ ಒಂದು ಇದ್ದಿದ್ದು ಲೆಕ್ಕದ ಪ್ರಕಾರ ಒಂದೂವರೆ ಕೋಟಿ ದಾಟಿರುತ್ತೆ.

ಇನ್ನು ಆ ಬಾಟ್ಲಿಯೊಳಗೆ ಇರೋದೇನು? ನಾನು ಅತಿ ಹೆಚ್ಚು ಸಲ ನೋಡಿರೋದು ಎನ್ರೋಫ್ಲಾಕ್ಸಾಸಿನ್. ಹೆಸರು ಕೇಳಿರಲ್ಲ ನೀವು, ಅದು ಪ್ರಾಣಿಗಳ ಔಷಧಿ. ಆದ್ರೆ ಕೋಳಿ ಮೈಯೊಳಗೆ ಹೋದ್ಮೇಲೆ ಅದರಲ್ಲಿ ಒಂದು ಪಾಲು ಸಿಪ್ರೋಫ್ಲಾಕ್ಸಾಸಿನ್ ಆಗುತ್ತೆ. ಈ ಹೆಸರು ಕೇಳಿದೀರ ತಾನೆ? ಸಿಪ್ರೋ. ಭೇದಿ ಆಯ್ತು, ಉರಿಮೂತ್ರ ಆಯ್ತು ಅಂತ ಮೆಡಿಕಲ್ ಶಾಪಿಗೆ ಹೋದ್ರೆ ಚೀಟಿ ಇಲ್ಲದೇನೂ ಕೈಗೆ ಬರುತ್ತಲ್ಲ, ಅದೇ. ಕೋಳಿಗೆ ಬೇರೆ ಔಷಧಿ ಮನುಷ್ಯನಿಗೆ ಬೇರೆ ಔಷಧಿ ಅಂತ ಅಂದ್ಕೊಂಡಿರ್ತೀವಿ, ಬಾಟ್ಲಿ ಬೇರೆ, ಲೇಬಲ್ ಬೇರೆ, ಒಳಗಿರೋ ಮನೆತನ ಒಂದೇ.

ಇಲ್ಲಿ ಸ್ವಲ್ಪ ಹಾದಿ ಬಿಟ್ಟು ಹೋಗ್ತೀನಿ, ಯಾಕಂದ್ರೆ ಈ ಕಥೆಗೆ ನಮ್ಮ ಪಕ್ಕದ ರಾಜ್ಯದವರೊಬ್ಬರ ನಂಟಿದೆ. ಯಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮವರಂನವರು, ಅಮೆರಿಕಕ್ಕೆ ಹೋಗಿ ಲೆಡರ್ಲಿ ಅನ್ನೋ ಔಷಧಿ ಕಂಪನೀಲಿ ಸಂಶೋಧನೆಗೆಲ್ಲ ಮುಖ್ಯಸ್ಥರಾಗಿದ್ರು. ಅವರು ಇದ್ದಾಗ್ಲೇ ಅಲ್ಲಿ ಆರಿಯೋಮೈಸಿನ್ ಅನ್ನೋ ಆಂಟಿಬಯೋಟಿಕ್ ಸಿಕ್ಕಿದ್ದು, ಟೆಟ್ರಾಸೈಕ್ಲಿನ್ ವಂಶದ ಮೊದಲನೇ ಕೂಸು. 1948ರಲ್ಲಿ ಅದು ಹೊರಗೆ ಬಂತು, ಅದೇ ವರ್ಷ ಸುಬ್ಬರಾವ್ ತೀರ್ಕೊಂಡ್ರು. ಅದೇ ಕಂಪನೀಲಿ ಥಾಮಸ್ ಜೂಕ್ಸ್, ರಾಬರ್ಟ್ ಸ್ಟಾಕ್‌ಸ್ಟಾಡ್ ಅಂತ ಇಬ್ಬರು ಕೋಳಿಮರಿಗೆ ಬಿ12 ವಿಟಮಿನ್ ಯಾವುದರಿಂದ ಅಗ್ಗವಾಗಿ ಕೊಡಬಹುದು ಅಂತ ಹುಡುಕ್ತಿದ್ರು. ಆರಿಯೋಮೈಸಿನ್ ತೆಗೆದ್ಮೇಲೆ ಉಳಿಯೋ ಚರಟ ಇರುತ್ತಲ್ಲ, ಎಸೆಯೋ ಪದಾರ್ಥ, ಅದನ್ನ ಮೇವಿಗೆ ಬೆರೆಸಿದ್ರು. ಮರಿಗಳು ವಿಟಮಿನ್ ಲೆಕ್ಕಕ್ಕೂ ಮೀರಿ ಬೆಳೆದ್ವು. ಚರಟದಲ್ಲಿ ಉಳ್ಕೊಂಡಿದ್ದ ಚೂರುಪಾರು ಆಂಟಿಬಯೋಟಿಕ್ಕಿನ ಕೆಲಸ ಅದು. 1950ರಲ್ಲಿ ಪೇಪರಲ್ಲೆಲ್ಲ ದೊಡ್ಡ ಸುದ್ದಿ. ಅಲ್ಲಿಂದ ಶುರುವಾಯ್ತು ನೋಡಿ, ರೋಗ ಇಲ್ಲದ ಪ್ರಾಣಿಗೆ ದಿನಾ ಮೇವಿನ ಜೊತೆ ಚಿಟಿಕೆ ಚಿಟಿಕೆ ಆಂಟಿಬಯೋಟಿಕ್ ಕೊಡೋದು. ಆ ಕಾಲದಲ್ಲಿ ಯಾರಿಗೂ ಅದು ತಪ್ಪು ಅಂತ ಅನ್ನಿಸ್ಲಿಲ್ಲ, ಜಗತ್ತಿಗೆ ಅಗ್ಗದಲ್ಲಿ ಮಾಂಸ ಸಿಗುತ್ತೆ ಅಂತ ಖುಷಿಪಟ್ರು. ನಾನಾಗಿದ್ರೂ ಖುಷಿ ಪಡ್ತಿದ್ದೆ.

ಸರಿ, ವಾಪಸ್ ಬರೋಣ. ಬ್ಯಾಕ್ಟೀರಿಯಾ ಔಷಧಿ ತಡ್ಕೊಳ್ಳೋದನ್ನ ಕಲಿಯುತ್ತೆ ಅಂದೆ. ಅದು ಕಲಿತು ಸುಮ್ನೆ ಅದರ ಮಕ್ಕಳಿಗಷ್ಟೇ ಹೇಳ್ಕೊಟ್ಟಿದ್ರೆ ನಮಗೆ ಇಷ್ಟು ತಲೆನೋವು ಇರ್ತಿರಲಿಲ್ಲ. ಅದು ಪಕ್ಕದವರಿಗೂ ಕೊಡುತ್ತೆ. ಇದನ್ನ ಹೆಣ್ಣುಮಕ್ಕಳಿಗೆ ಹೇಳೋದು ಸುಲಭ. ಮನೇಲಿ ಮೊಸರು ಮುಗಿದ್ರೆ ಏನ್ಮಾಡ್ತೀರಿ? ಸಣ್ಣ ಬಟ್ಲು ಹಿಡ್ಕೊಂಡು ಪಕ್ಕದ ಮನೆಗೆ ಹೋಗಿ ‘ಒಂಚೂರು ಹೆಪ್ಪು ಕೊಡ್ತೀರಾ’ ಅಂತೀರಿ. ಅವರು ಒಂದು ಚಮಚ ಕೊಡ್ತಾರೆ. ಅವರ ಮೊಸರಿಗೇನೂ ಕಮ್ಮಿ ಆಗಲ್ಲ, ಬೆಳಗಾಗೋದ್ರೊಳಗೆ ನಿಮ್ಮ ಪಾತ್ರೇಲೂ ಗಟ್ಟಿ ಮೊಸರು. ನಾಳೆ ಇನ್ನೊಬ್ರು ಬಂದು ನಿಮ್ಮತ್ರ ಕೇಳಿದ್ರೆ ನೀವೂ ಕೊಡ್ತೀರಿ. ಬ್ಯಾಕ್ಟೀರಿಯಾ ಒಳಗೆ ಬಳೆ ಥರ ದುಂಡಗಿರೋ ಒಂದು ಡಿಎನ್‌ಎ ಇರುತ್ತೆ, ಪ್ಲಾಸ್ಮಿಡ್ ಅಂತಾರೆ, ಅದೇ ಹೆಪ್ಪು. ಪಕ್ಕದ ಬ್ಯಾಕ್ಟೀರಿಯಾಗೆ ಸಣ್ಣ ನಳಿಗೆ ಚಾಚಿ ಅದರ ಒಂದು ನಕಲು ದಾಟಿಸುತ್ತೆ, ತನ್ನದು ತನ್ನ ಹತ್ರಾನೇ ಇರುತ್ತೆ. ಹೆಪ್ಪು ಕೊಡೋಕೆ ಅವುಗಳಲ್ಲಿ ಜಾತಿ ಅಡ್ಡ ಬರಲ್ಲ, ಪಾಪದ ಈ. ಕೋಲಿ ಕಾಯಿಲೆ ತರೋ ಸಾಲ್ಮೊನೆಲ್ಲಾಗೂ ಕೊಡುತ್ತೆ. ಇನ್ನೊಂದು ವಿಷ್ಯ, ಒಂದೇ ಬಳೆ ಮೇಲೆ ನಾಲ್ಕೈದು ಔಷಧಿ ತಡೆಯೋ ಜೀನ್‌ಗಳು ಸಾಲಾಗಿ ಕೂತಿರಬಹುದು. ಆಗ ನೀವು ಟ್ಯಾಂಕಿಗೆ ಹಾಕೋದು ಒಂದೇ ಔಷಧಿ ಆದ್ರೂ, ಉಳಿಯೋ ಬ್ಯಾಕ್ಟೀರಿಯಾ ನಾಲ್ಕೈದಕ್ಕೂ ಜಗ್ಗದೇ ಇರೋದು.

ಇದೆಲ್ಲ ಥಿಯರಿ, ಕೋಳಿಯಿಂದ ಮನುಷ್ಯನಿಗೆ ನಿಜವಾಗ್ಲೂ ಬರುತ್ತಾ ಅಂತ ಕೇಳೋರಿಗೆ ನಾನು ಯಾವಾಗ್ಲೂ ಹೇಳೋದು ಸ್ಟುವರ್ಟ್ ಲೆವಿ ಅನ್ನೋ ಅಮೆರಿಕದ ವಿಜ್ಞಾನಿ ಮಾಡಿದ ಪ್ರಯೋಗ. 1976ರಲ್ಲಿ ಪ್ರಕಟ ಆಯ್ತು. ಅಮೆರಿಕದ ಬಾಸ್ಟನ್ ಹತ್ರ ಒಂದು ಸಂಸಾರದ ಜಮೀನಲ್ಲಿ ಸುಮಾರು 300 ಕೋಳಿಮರಿ ಇಟ್ಟು ಅರ್ಧಕ್ಕೆ ಟೆಟ್ರಾಸೈಕ್ಲಿನ್ ಇರೋ ಮೇವು, ಅರ್ಧಕ್ಕೆ ಬರೀ ಮೇವು. ಒಂದೇ ವಾರದಲ್ಲಿ ಔಷಧಿ ತಿಂದ ಕೋಳಿಗಳ ಕರುಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಬ್ಯಾಕ್ಟೀರಿಯಾನೂ ಟೆಟ್ರಾಸೈಕ್ಲಿನ್ನಿಗೆ ಜಗ್ಗದೇ ಇರೋವೇ ಆದ್ವು. ಆಮೇಲೆ ನಿಧಾನಕ್ಕೆ ಆ ಮನೆಯವರ ಮಲದಲ್ಲೂ ಕಾಣಿಸ್ಕೊಂಡ್ವು. ಐದಾರು ತಿಂಗಳಾಗೋ ಹೊತ್ತಿಗೆ ಮನೆಯವರ ವಾರವಾರದ ಸ್ಯಾಂಪಲ್‌ಗಳಲ್ಲಿ ಶೇ. 31.3ರಷ್ಟರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಬ್ಯಾಕ್ಟೀರಿಯಾ ರೆಸಿಸ್ಟೆಂಟ್, ಅಂದ್ರೆ ಔಷಧಿಗೆ ಜಗ್ಗದವು. ಅಕ್ಕಪಕ್ಕದ ಮನೆಯವರಲ್ಲಿ ಅಂಥ ಸ್ಯಾಂಪಲ್ ಶೇ. 6.8 ಮಾತ್ರ. ಮನೆಯವರು ಔಷಧಿ ಮುಟ್ಟಿಲ್ಲ, ಕೋಳಿ ಮುಟ್ಟಿದ್ರು ಅಷ್ಟೇ. ಇದಾಗಿ ಹತ್ತತ್ರ 50 ವರ್ಷ ಆಯ್ತು.

ಆಮೇಲಿನ ಕಥೇಲಿ ನನಗೆ ನಿದ್ದೆ ಕೆಡಿಸಿದ್ದು ಕೊಲಿಸ್ಟಿನ್. ಇದು ಹಳೇ ಔಷಧಿ, ಕಿಡ್ನಿಗೆ ಪೆಟ್ಟು ಅಂತ ಡಾಕ್ಟ್ರುಗಳು ಒಂದು ಕಾಲದಲ್ಲಿ ಮೂಲೆಗೆ ಹಾಕಿದ್ರು. ಮಿಕ್ಕ ಔಷಧಿಗಳೆಲ್ಲ ಸೋಲ್ತಾ ಬಂದಂಗೆ ಐಸಿಯುಗಳಲ್ಲಿ ಬೇರೆ ಗತಿ ಇಲ್ಲದೆ ವಾಪಸ್ ತಂದ್ರು, ಕಿಡ್ನಿ ಹೋದ್ರೂ ಪರವಾಗಿಲ್ಲ ಜೀವ ಉಳೀಲಿ ಅನ್ನೋ ಸ್ಥಿತೀಲಿ ಕೊಡೋ ಔಷಧಿ ಅದು. ಅದೇ ಹೊತ್ತಲ್ಲಿ ಇನ್ನೊಂದು ಕಡೆ ಕೋಳಿ ಹಂದಿಗಳಿಗೆ ತೂಕ ಬರಲಿ ಅಂತ ಮೇವಿಗೆ ಬೆರೆಸಿ ತಿನ್ನಿಸ್ತಿದ್ರು. 2015ರ ನವೆಂಬರಲ್ಲಿ ಚೀನಾದ ವಿಜ್ಞಾನಿಗಳು ವರದಿ ಕೊಟ್ರು, ಕೊಲಿಸ್ಟಿನ್ ತಡೆಯೋ ಜೀನ್ ಪ್ಲಾಸ್ಮಿಡ್ ಮೇಲೆ ಬಂದು ಕೂತಿದೆ ಅಂತ. ಎಮ್‌ಸಿಆರ್-1 ಅಂತ ಹೆಸರಿಟ್ರು. ನಮ್ಮ ಭಾಷೇಲಿ ಹೇಳೋದಾದ್ರೆ ಕೊನೇ ಔಷಧಿಗೂ ಹೆಪ್ಪು ರೆಡಿ ಆಗಿತ್ತು. ಅವರು ನೋಡಿದ ಹಸಿ ಮಾಂಸದಲ್ಲಿ ಸಿಕ್ಕಿದ ಈ. ಕೋಲಿಗಳ ಪೈಕಿ ಶೇ. 15ರಲ್ಲಿ ಇತ್ತು, ಪ್ರಾಣಿಗಳಿಂದ ಸಿಕ್ಕಿದ್ದರಲ್ಲಿ ಶೇ. 21, ಆಸ್ಪತ್ರೆ ರೋಗಿಗಳ ಸ್ಯಾಂಪಲ್ಲಲ್ಲಿ ಶೇ. 1. ಪ್ರಾಣಿಯಲ್ಲಿ ಜಾಸ್ತಿ ಮನುಷ್ಯನಲ್ಲಿ ಕಮ್ಮಿ, ಅಂದ್ರೆ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರೀತಿದೆ ಅಂತ ಊಹೆ ಮಾಡೋದು ಕಷ್ಟ ಇಲ್ಲ. ಚೀನಾ ಮೇವಿನಲ್ಲಿ ಅದನ್ನ ನಿಲ್ಲಿಸ್ತು. ನಮ್ಮ ಕೇಂದ್ರ ಸರ್ಕಾರಾನೂ 2019ರ ಜುಲೈಲಿ ಆಹಾರಕ್ಕೆ ಸಾಕೋ ಪ್ರಾಣಿ, ಕೋಳಿ, ಮೀನು, ಮೇವು ಎಲ್ಲದಕ್ಕೂ ಕೊಲಿಸ್ಟಿನ್ ತಯಾರಿಕೆ ಮಾರಾಟ ಬ್ಯಾನ್ ಮಾಡ್ತು. ಒಳ್ಳೆ ಕೆಲಸ. ಬೈಯೋದಷ್ಟೇ ಅಲ್ಲ, ಮಾಡಿದಾಗ ಹೇಳಲೂಬೇಕು.

ಇಲ್ಲಿ ಒಂದು ಗೊಂದಲ ಬಿಡಿಸ್ಬೇಕು, ಟೀವಿಯವರೂ ಇದನ್ನ ಕಲಸುಮೇಲೋಗರ ಮಾಡ್ತಾರೆ. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಸಿಎಸ್‌ಇ ಅಂತಾರಲ್ಲ ಅವರು, ದೆಹಲಿ ಸುತ್ತಮುತ್ತ 70 ಚಿಕನ್ ಸ್ಯಾಂಪಲ್ ಪರೀಕ್ಷೆ ಮಾಡಿ ಶೇ. 40ರಲ್ಲಿ ಆಂಟಿಬಯೋಟಿಕ್ ಉಳಿಕೆ ಇದೆ ಅಂದ್ರು, ಶೇ. 17ರಲ್ಲಿ ಒಂದಕ್ಕಿಂತ ಜಾಸ್ತಿ ಔಷಧಿ. ದೇಶ ಎಲ್ಲ ಸುದ್ದಿ ಆಯ್ತು. ಅದು ಮಾಂಸದಲ್ಲಿ ಉಳ್ಕೊಂಡ ಔಷಧಿಯ ಲೆಕ್ಕ. ಔಷಧಿ ಕೊಟ್ಮೇಲೆ ಇಷ್ಟು ದಿನ ಕಾದು ಆಮೇಲೆ ಕೊಯ್ಯಿರಿ ಅಂತ ಇರುತ್ತೆ, ಯಾವ ಔಷಧಿಗೆ ಆ ಅವಧಿ ಗೊತ್ತು ಮಾಡಿಲ್ವೋ ಅದಕ್ಕೆ ಮಾಂಸದ ಕೋಳಿಗೆ ಕನಿಷ್ಠ 28 ದಿನ ಅಂತ 2012ರಿಂದ ನಮ್ಮ ಔಷಧಿ ನಿಯಮದಲ್ಲೇ ಇದೆ. ಕೋಳಿ ಆಯಸ್ಸೇ 40 ದಿನ, ಅದರಲ್ಲಿ 28 ದಿನ ಕಾಯೋದು, ನೀವೇ ಹೇಳಿ. ರೇಟ್ ಚೆನ್ನಾಗಿದೆ ಅಂದ್ರೆ ನಾಳೆ ಬೆಳಗ್ಗೆ ನಾಲ್ಕಕ್ಕೆ ಕೋಳಿ ಒಯ್ಯೋ ಲಿಫ್ಟಿಂಗ್ ಗಾಡಿ ಬಂದು ನಿಲ್ಲುತ್ತೆ.

ಆದ್ರೆ ನಾನು ಇವತ್ತು ಮಾತಾಡ್ತಿರೋದು ಉಳಿಕೆ ಬಗ್ಗೆ ಅಲ್ಲ, ಜೀವ ಇರೋ ಬ್ಯಾಕ್ಟೀರಿಯಾ ಬಗ್ಗೆ. ಮಾಂಸದಲ್ಲಿ ಔಷಧಿ ಒಂಚೂರೂ ಇಲ್ಲದೆ ಇರಬಹುದು, ರಿಪೋರ್ಟ್ ಕ್ಲೀನ್ ಇರಬಹುದು, ಆದ್ರೂ ಅದರ ಮೇಲೆ ಯಾವ ಔಷಧಿಗೂ ಬಗ್ಗದ ಈ. ಕೋಲಿ ಕೂತಿರಬಹುದು. ಪಂಜಾಬಿನ ಫಾರಂಗಳಲ್ಲಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಬಂತು, 18 ಫಾರಂ, 500ಕ್ಕೂ ಜಾಸ್ತಿ ಕೋಳಿ. ಸೆಫಲೋಸ್ಪೊರಿನ್ ಥರದ ದೊಡ್ಡ ಔಷಧಿಗಳನ್ನೇ ಕತ್ತರಿಸಿ ಹಾಕೋ ಕಿಣ್ವ ಮಾಡೋ ಬ್ಯಾಕ್ಟೀರಿಯಾ ಮಾಂಸದ ಕೋಳಿ ಫಾರಂಗಳಲ್ಲಿ ಮೊಟ್ಟೆ ಕೋಳಿ ಫಾರಂಗಳಿಗಿಂತ ದುಪ್ಪಟ್ಟು ಪ್ರಮಾಣದಲ್ಲಿ ಇತ್ತು. ನಾನೇ ಲ್ಯಾಬಲ್ಲಿ ನೋಡಿದ್ದು ಹೇಳ್ತೀನಿ. ಗಾಜಿನ ತಟ್ಟೇಲಿ ಬ್ಯಾಕ್ಟೀರಿಯಾ ಹಚ್ಚಿ ಅದರ ಮೇಲೆ ಔಷಧಿ ಅದ್ದಿದ ಕಾಗದದ ಬಿಲ್ಲೆ ಇಡ್ತೀವಿ, ಶರ್ಟಿನ ಗುಂಡಿಗಿಂತ ಚಿಕ್ಕದು, ಒಂದು ತಟ್ಟೆಗೆ ಆರು. ರಾತ್ರಿ ಬಿಟ್ಟು ಬೆಳಗ್ಗೆ ತೆಗೆದ್ರೆ ಬ್ಯಾಕ್ಟೀರಿಯಾ ಮಂಜಿನ ಥರ ತಟ್ಟೆ ತುಂಬ ಬೆಳೆದಿರುತ್ತೆ, ಔಷಧಿ ಕೆಲಸ ಮಾಡಿದ್ರೆ ಬಿಲ್ಲೆ ಸುತ್ತ ಚಂದ್ರನ ಸುತ್ತ ಕೊಡೆ ಕಟ್ಟಿದಂಗೆ ಖಾಲಿ ಜಾಗ ಇರುತ್ತೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆರಕ್ಕೆ ಆರೂ ಕೊಡೆ ಕಟ್ಟಿರೋ ತಟ್ಟೆ ಸಿಗ್ತಿತ್ತು. ಬಿಡೋ ಹೊತ್ತಿಗೆ ಒಂದೂ ಕೊಡೆ ಇಲ್ಲದ ತಟ್ಟೆ ಕೈಗೆ ಬಂದ್ರೆ ಪಕ್ಕದವರನ್ನ ಕರೆದು ತೋರಿಸೋ ಅಭ್ಯಾಸಾನೂ ಹೊರಟೋಗಿತ್ತು.

ಇದರಿಂದ ಮನುಷ್ಯನಿಗೆ ಏನಾಗುತ್ತೆ? ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅಂತ ಎರಡಿದೆ, ಹೊಟ್ಟೆ ನುಲಿಯೋದು, ಭೇದಿ, ಜ್ವರ. ಗಟ್ಟಿ ಇರೋರಿಗೆ ನೀರು, ಉಪ್ಪುಸಕ್ಕರೆ ಕುಡಿದು ಮಲಗಿದ್ರೆ ನಾಲ್ಕೈದು ದಿನಕ್ಕೆ ಹೋಗುತ್ತೆ, ಆಂಟಿಬಯೋಟಿಕ್ಕೇ ಬೇಡ. ಆದ್ರೆ ಎಳೇ ಮಗು, ವಯಸ್ಸಾದೋರು, ಕೀಮೋ ತಗೊಳ್ತಿರೋರು, ಬಸುರಿ ಹೆಂಗಸರು, ಇವರಲ್ಲಿ ಅದು ರಕ್ತಕ್ಕೆ ಇಳಿದ್ರೆ ಔಷಧಿ ಬೇಕೇ ಬೇಕು, ಆವಾಗ ಔಷಧಿ ಕೆಲಸ ಮಾಡದೇ ಇದ್ರೆ? ಅಂದಹಾಗೆ ಟೈಫಾಯಿಡ್ ಕೋಳಿಯಿಂದ ಬರಲ್ಲ, ಅದರ ಬ್ಯಾಕ್ಟೀರಿಯಾ ಈ ಸಾಲ್ಮೊನೆಲ್ಲಾದ ದಾಯಾದಿ, ಮನುಷ್ಯರ ಕೊಳಚೆಯಿಂದ ಮನುಷ್ಯರಿಗೇ ಬರೋದು, ಅದನ್ನ ಕೋಳಿ ತಲೆಗೆ ಕಟ್ಟಬೇಡಿ.

ಇನ್ನೊಂದು ನೀವು ನೆನೆಸಿರಲ್ಲ, ಮೂತ್ರದ ಸೋಂಕು. ಅಮೆರಿಕದ ಅರಿಜೋನಾದಲ್ಲಿ ಫ್ಲ್ಯಾಗ್‌ಸ್ಟಾಫ್ ಅನ್ನೋ ಊರಲ್ಲಿ 2012ರಲ್ಲಿ ಊರಿನ ದೊಡ್ಡ ಅಂಗಡಿಗಳಿಂದೆಲ್ಲ ಚಿಕನ್, ಟರ್ಕಿ ಕೋಳಿ, ಹಂದಿ ಮಾಂಸ ತಂದು ಅದರ ಈ. ಕೋಲಿನೂ, ಅದೇ ಊರಿನ ಆಸ್ಪತ್ರೆಯ ಮೂತ್ರದ ಸೋಂಕಿನ ರೋಗಿಗಳ ಈ. ಕೋಲಿನೂ ಡಿಎನ್‌ಎ ಮಟ್ಟದಲ್ಲಿ ಹೋಲಿಸಿ ನೋಡಿದ್ರು. ರೋಗಿಗಳಲ್ಲಿ ಸಿಕ್ಕಿದ ಈ. ಕೋಲಿ ವಂಶದ ಒಂದು ಕೊಂಬೆ ಕೋಳಿಗಳಲ್ಲಿ ಬೆಳೆಯೋಕೆ ಹೊಂದ್ಕೊಂಡಿರೋ ಕೊಂಬೆ ಅಂತ ಗೊತ್ತಾಯ್ತು. ಹೊಟ್ಟೆ ಕೆಟ್ರೆ ನಿನ್ನೆ ತಿಂದಿದ್ದು ನೆನಪಾಗುತ್ತೆ. ಈ ಬ್ಯಾಕ್ಟೀರಿಯಾ ಹಂಗಲ್ಲ, ಕರುಳಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಬಾಡಿಗೆಗಿದ್ದು ಆಮೇಲೆ ಮೂತ್ರನಾಳಕ್ಕೆ ಹೋದ್ರೆ ಯಾರು ಕೋಳಿ ನೆನಪು ಮಾಡ್ಕೊಳ್ತಾರೆ? ಹಂಗಾಗಿ ಈ ಲೆಕ್ಕ ಯಾವ ಪುಸ್ತಕದಲ್ಲೂ ಸರಿಯಾಗಿ ಬರೆದಿರಲ್ಲ.

ಈಗ ಚಿಕನ್ ಅಂಗಡಿಗೆ ಬನ್ನಿ. ಭಾನುವಾರ ಬೆಳಗ್ಗೆ. ಪಂಜರದಿಂದ ಹಿಡಿದು, ಕತ್ತು ಕೊಯ್ದು, ನೀಲಿ ಡ್ರಮ್ಮಿಗೆ ಹಾಕ್ತಾನೆ. ಆಮೇಲೆ ಪುಕ್ಕ ಕೀಳೋ ಮಷೀನು, ರಬ್ಬರ್ ಬೆರಳು ತಿರುಗುತ್ತಲ್ಲ ಅದು, ಬೆಳಗ್ಗಿಂದ ನೂರು ಕೋಳಿ ಅದರಲ್ಲೇ ಹೊರಳಿರುತ್ತೆ. ಮರದ ಕೊರಡು, ಅದರ ಬಿರುಕುಗಳಲ್ಲಿ ವರ್ಷಗಳ ಇತಿಹಾಸ ಇದೆ. ಕರುಳು ತೆಗೆಯೋ ಕೈ, ತುಂಡು ಮಾಡೋ ಕೈ, ಚಿಲ್ಲರೆ ಕೊಡೋ ಕೈ ಒಂದೇ. ನಿಮ್ಮ ಕೋಳಿ ಅದೆಷ್ಟೇ ಒಳ್ಳೆ ಫಾರಂದು ಆಗಿದ್ರೂ ಇಲ್ಲಿ ಎಲ್ಲರ ಜೊತೆ ನೆಂಟಸ್ತನ ಆಗಿಹೋಗುತ್ತೆ. ಅಂಗಡಿಯವನನ್ನ ಬೈದು ಪ್ರಯೋಜನ ಇಲ್ಲ, ಅವನಿಗೆ ಬಿಸಿನೀರಿಲ್ಲ, ಮೋರಿ ಇಲ್ಲ, ಮುಂದೆ 15 ಜನ ಕ್ಯೂ ಇದ್ದೀರಿ, ‘ಬೇಗ ಕೊಡಪ್ಪ’ ಅಂತಿದೀರಿ.

ಅಲ್ಲಿಂದ ಕಪ್ಪು ಕವರ್ ನಮ್ಮ ಅಡುಗೆಮನೆಗೆ ಬರುತ್ತೆ. ನಮ್ಮ ಮನೆ ಕಥೆನೇ ಹೇಳ್ತೀನಿ. ಸಿಂಕಲ್ಲಿ ಸುರಿದು ಅರಿಶಿನ ಉಪ್ಪು ಹಾಕಿ ನಲ್ಲಿ ಜೋರಾಗಿ ಬಿಟ್ಟು ಮೂರು ಸಲ ಉಜ್ಜಿ ತೊಳೆಯೋದು. ಆ ನೀರಿನ ಹನಿ ಎಲ್ಲೆಲ್ಲಿ ಹಾರುತ್ತೆ ನೋಡಿದೀರಾ? ಪಕ್ಕದಲ್ಲಿ ತೊಳೆದಿಟ್ಟ ತಟ್ಟೆಗಳ ಬುಟ್ಟಿ, ಕುಡಿಯೋ ನೀರಿನ ಕೊಡ, ನಮ್ಮ ನೈಟಿ, ಲುಂಗಿ. ಆಮೇಲೆ ಅದೇ ಈಳಿಗೆ ಮಣೆ ನೀರಲ್ಲಿ ಒಂಚೂರು ಅದ್ದಿ ಸೌತೆಕಾಯಿ, ಈರುಳ್ಳಿ, ನಿಂಬೆಹಣ್ಣು ಹೆಚ್ಚೋದು. ಕೋಳಿ ಸಾರು ಅರ್ಧ ಗಂಟೆ ಕೊತಕೊತ ಕುದಿಯುತ್ತೆ, 75 ಡಿಗ್ರಿ ಬಿಸಿ ಒಳಗಿನ ತನಕ ಮುಟ್ಟಿದ್ರೆ ಸಾಲ್ಮೊನೆಲ್ಲಾನೂ ಇಲ್ಲ, ಈ. ಕೋಲಿನೂ ಇಲ್ಲ, ರೆಸಿಸ್ಟೆಂಟ್ ಆಗಿರಲಿ ಮತ್ತೊಂದಾಗಿರಲಿ ಬೆಂಕಿಗೆ ಎಲ್ಲವೂ ಒಂದೇ. ನಮ್ಮ ಅಡುಗೆ ಆ ಮಟ್ಟಿಗೆ ನಮ್ಮನ್ನ ಕಾಪಾಡಿದೆ. ಸೌತೆಕಾಯಿ ಮಾತ್ರ ಯಾರೂ ಬೇಯಿಸಲ್ಲ.

ತೊಳೆಯೋದು ಬಿಡಿ ಅಂತ ಮನೇಲಿ ಹೇಳಿದ್ದಕ್ಕೆ ನಮ್ಮತ್ತೆ ‘ತೊಳೀದೇ ಇರೋ ಮಾಂಸ ನಾನಂತೂ ಒಲೆ ಮೇಲೆ ಇಡಲ್ಲ ಅಳಿಯಂದಿರೇ, ನೀವು ಡಾಕ್ಟ್ರಾಗಿದ್ರೆ ಆಸ್ಪತ್ರೇಲಿ’ ಅಂದ್ರು. ಅವರು ಹೇಳೋದ್ರಲ್ಲೂ ನ್ಯಾಯ ಇದೆ, ಅಂಗಡೀಲಿ ರಕ್ತ, ಪುಕ್ಕ ಹತ್ತಿರುತ್ತೆ. ಕೊನೆಗೆ ರಾಜಿ ಏನಾಯ್ತು ಅಂದ್ರೆ, ನಲ್ಲಿ ಕೆಳಗೆ ಹಿಡಿಯೋದು ಬಂದ್, ಅಗಲವಾದ ಪಾತ್ರೇಲಿ ಮೊದಲೇ ನೀರು ತುಂಬಿಟ್ಕೊಂಡು ಅದರೊಳಗೆ ಮೆಲ್ಲಗೆ ಅದ್ದಿ ತೆಗೆಯೋದು, ಆ ನೀರು ಚೆಲ್ಲಿದ್ಮೇಲೆ ಸಿಂಕಿಗೆ ಸೋಪು ಬಿಸಿನೀರು, ಕೈಗೆ ಸೋಪು. ತರಕಾರಿ ಮೊದಲೇ ಹೆಚ್ಚಿ ಮುಚ್ಚಿಡೋದು, ಮಾಂಸ ಆಮೇಲೆ. ಫ್ರಿಜ್ಜಲ್ಲಿ ಚಿಕನ್ ಕೆಳಗಿನ ತಟ್ಟೇಲಿ, ಕೊತ್ತಂಬರಿ ಸೊಪ್ಪಿನ ತಲೆ ಮೇಲೆ ಬೇಡ. ಅರಿಶಿನ ಹಾಕ್ಕೊಳ್ಳಿ, ರುಚಿಗೆ ಒಳ್ಳೇದು, ಸಾಲ್ಮೊನೆಲ್ಲಾ ಅದಕ್ಕೆ ಹೆದರೋದಿಲ್ಲ.

ನಾಟಿ ಕೋಳಿ ತಿಂತೀವಿ ನಮಗೇನು ಅಂತ ಹಿಂದಿನ ಸಾಲಲ್ಲಿ ನಗ್ತಿದೀರಿ. ನಾಟಿ ಕೋಳಿ ಹಿತ್ತಲಲ್ಲಿ ತಿಪ್ಪೆ ಕೆದರಿ ತಿನ್ನುತ್ತೆ, ಅದರ ಕರುಳಲ್ಲೂ ಸಾಲ್ಮೊನೆಲ್ಲಾ ಇರಬಹುದು. ಔಷಧಿ ಕಮ್ಮಿ ಕಂಡಿರುತ್ತೆ ಅನ್ನೋದು ನಿಜ, ಆದ್ರೆ ಆ ತಿಪ್ಪೆಗೆ ಫಾರಂ ಕೋಳಿ ಗೊಬ್ಬರ ಬಂದು ಬಿದ್ದಿದ್ರೆ? ಶುಂಠಿಗೆ, ಟೊಮೆಟೊಗೆ ಲೋಡುಗಟ್ಟಲೆ ಕೋಳಿ ಗೊಬ್ಬರ ಹಾಕ್ತೀವಿ, ಸರಿಯಾಗಿ ಕೊಳೆಸದೆ ಹಸಿ ಹಾಕಿದ್ರೆ ಹೆಪ್ಪು ಹೊಲಕ್ಕೂ ಹೋಯ್ತು ಅಂತ. ತರಕಾರಿ ಮಾತ್ರ ತಿನ್ನೋರಿಗೂ ಅದಕ್ಕೇ ಈ ಉಪನ್ಯಾಸಕ್ಕೆ ಬನ್ನಿ ಅಂದಿದ್ದು.

ಎಲ್ಲಾ ತಪ್ಪೂ ಕೋಳಿಯವರದ್ದು ಅಂತ ಹೇಳಿದ್ರೆ ನಾನು ಸುಳ್ಳ ಆಗ್ತೀನಿ. ಶೀತಕ್ಕೆ ಅಜಿತ್ರೋಮೈಸಿನ್ ನುಂಗೋದು, ಐದು ದಿನದ ಮಾತ್ರೆ ಎರಡಕ್ಕೆ ನಿಲ್ಲಿಸಿ ಮಿಕ್ಕಿದ್ದನ್ನ ಬೀರುವಿನಲ್ಲಿ ಇಟ್ಟು ನಾದಿನಿಗೆ ಕೊಡೋದು, ಇವೆಲ್ಲ ನಮ್ಮ ಮನೆಗಳಲ್ಲೇ ನಡೆಯುತ್ತೆ. ಪಕ್ಕದ ಕೇರಳದಲ್ಲಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರೋ ಅಂಗಡಿಗಳ ಮೇಲೆ 2024ರಲ್ಲಿ ಆಪರೇಷನ್ ಅಮೃತ್ ಅಂತ ದಾಳಿ ಮಾಡೋಕೆ ಶುರುಮಾಡಿದ್ರು. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ನೇರವಾಗಿ ರೆಸಿಸ್ಟೆನ್ಸಿನಿಂದಲೇ 12.7 ಲಕ್ಷ ಜನ ಸತ್ರು ಅಂತ ಅಂದಾಜಿದೆ. ಅದರಲ್ಲಿ ಕೋಳಿ ಪಾಲೆಷ್ಟು ಆಸ್ಪತ್ರೆ ಪಾಲೆಷ್ಟು ಅಂತ ಗೆರೆ ಎಳೆದು ಪಂಚಾಯ್ತಿ ಮಾಡೋಕಾಗಲ್ಲ, ಹೆಪ್ಪು ಎರಡೂ ಕಡೆ ಓಡಾಡ್ತಾ ಇರುತ್ತೆ.

ನಿಲ್ಲಿಸಿದ್ರೆ ಕಮ್ಮಿ ಆಗುತ್ತಾ ಅಂತ ಕೇಳಿದ್ರಿ, ಚೀಟಿ ಕಳಿಸಿದ್ರು ಯಾರೋ. ಆಗುತ್ತೆ. ಕೆನಡಾದ ಕ್ವಿಬೆಕ್‌ನಲ್ಲಿ ಮರಿ ಮಾಡಿಸೋ ಹ್ಯಾಚರಿಗಳವರು ಮೊಟ್ಟೆಯೊಳಕ್ಕೇ ಸೆಫ್ಟಿಯೋಫರ್ ಅನ್ನೋ ಔಷಧಿ ಚುಚ್ತಿದ್ರು, ನೋಡಿ ಇದು ನಿಜವಾದ ಇಂಜೆಕ್ಷನ್ ಕಥೆ, ಕೋಳಿ ಹುಟ್ಟೋಕೆ ಮುಂಚೆನೇ. 2004ರಲ್ಲಿ ಅಲ್ಲಿನ ಅಂಗಡಿ ಚಿಕನ್ನಿನ ಒಂದು ಬಗೆ ಸಾಲ್ಮೊನೆಲ್ಲಾದಲ್ಲಿ ಶೇ. 62 ಅದಕ್ಕೆ ಜಗ್ಗದವು, ಮನುಷ್ಯರಲ್ಲಿ ಸಿಕ್ಕಿದ್ದರಲ್ಲಿ ಶೇ. 36. 2005ರಲ್ಲಿ ಅವರೇ ಸ್ವಂತ ಇಚ್ಛೆಯಿಂದ ನಿಲ್ಲಿಸಿದ್ರು. 2006ಕ್ಕೆ ಚಿಕನ್ನಲ್ಲಿ ಶೇ. 7, ಮನುಷ್ಯರಲ್ಲಿ ಶೇ. 8. ಆಮೇಲೆ ಸ್ವಲ್ಪ ಸ್ವಲ್ಪ ವಾಪಸ್ ಶುರು ಮಾಡಿದ್ರು, ಗೀಟು ಮತ್ತೆ ಮೇಲಕ್ಕೆ ಹತ್ತಿತು. ಅಮೆರಿಕದಲ್ಲಿ ಎನ್ರೋಫ್ಲಾಕ್ಸಾಸಿನ್ ಕೋಳಿಗೆ ಕೊಡೋದನ್ನ 2005ರಲ್ಲಿ ಬ್ಯಾನ್ ಮಾಡಿದ್ರು, ಅದಕ್ಕೆ ಮುಂಚೆ ತಯಾರಕರ ಜೊತೆ ಐದು ವರ್ಷ ಜಗ್ಗಾಡಿದ್ರು. ಯುರೋಪಿನಲ್ಲಿ ತೂಕ ಬರಲಿ ಅಂತ ಆಂಟಿಬಯೋಟಿಕ್ ಕೊಡೋದು 2006ರ ಜನವರಿಯಿಂದ ಪೂರ್ತಿ ಬಂದ್. ಅಲ್ಲೇನೂ ಜನ ಚಿಕನ್ ತಿನ್ನೋದು ಬಿಟ್ಟಿಲ್ಲ.

ನಮ್ಮಲ್ಲಿ ಯಾಕೆ ಕಷ್ಟ ಅಂದ್ರೆ, ಇಲ್ಲಿ ಬಹಳಷ್ಟು ರೈತರು ಕಾಂಟ್ರ್ಯಾಕ್ಟಲ್ಲಿ ಸಾಕ್ತಾರೆ. ಮರಿ ಕಂಪನೀದು, ಫೀಡ್ ಕಂಪನೀದು, ಔಷಧಿ ಕಂಪನೀದು. ಶೆಡ್ಡು, ಕರೆಂಟು, ನೀರು, ರಾತ್ರಿ ನಿದ್ದೆ ರೈತಂದು. ಸತ್ತ ಕೋಳಿ ಲೆಕ್ಕ ರೈತನ ತಲೆಗೆ. ಶಿರಾ ಕಡೆ ಒಬ್ರು ಇದ್ದಾರೆ, ಎರಡು ಶೆಡ್ಡು, ಗಂಡ ಹೆಂಡತಿ ಇಬ್ಬರೇ ನೋಡ್ಕೊಳ್ಳೋದು. ಅವರು ನನಗೆ ಹೇಳಿದ್ರು, ‘ಡಾಕ್ಟ್ರೇ, ಮರಿ ಇಳಿದ ಮೊದಲ ಐದು ದಿನ ಔಷಧಿ ಹಾಕು ಅಂತ ಬರೆದು ಕೊಟ್ಟಿರ್ತಾರೆ. ಹಾಕಲಿಲ್ಲ ಅಂದ್ರೆ, ಆಮೇಲೆ ನೂರು ಮರಿ ಸತ್ರೂ ನೀನು ಹಾಕಿಲ್ಲ ಅದಕ್ಕೇ ಅಂತಾರೆ. ಕಾಯಿಲೆ ಇದ್ಯೋ ಇಲ್ವೋ ನೋಡೋಕೆ ನಂಗೆಲ್ಲಿ ಆಗುತ್ತೆ?’ ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಒಂದು ಶೆಡ್ಡಲ್ಲಿ ಮಾತ್ರ ಪ್ರಯತ್ನ ಮಾಡೋಣ ಅಂತ ಒಪ್ಪಿಸ್ದೆ. ನಿಪ್ಪಲ್ ಪೈಪ್ ಬಿಚ್ಚಿ ನೋಡಿದ್ರೆ ಒಳಗೆಲ್ಲ ಲೋಳೆ, ಬೆರಳು ಹಾಕಿದ್ರೆ ಕಂದು ಬಣ್ಣದ ಗೋಂದಿನ ಥರ ಎಳೆ ಎಳೆಯಾಗಿ ಬರ್ತಿತ್ತು, ಅಷ್ಟು ದಿನ ಅದರ ಮೇಲೇ ಔಷಧಿ ನೀರು ಹರೀತಿದ್ದಿದ್ದು. ಅದನ್ನ ತೊಳೆದು, ನೀರಿಗೆ ಕ್ಲೋರಿನ್ ಹಾಕಿ, ಹಳೇ ಹೊಟ್ಟು ಪೂರ್ತಿ ತೆಗೆದು ಸುಣ್ಣ ಬಳಿದು, ಎರಡು ವಾರ ಶೆಡ್ ಖಾಲಿ ಬಿಟ್ವಿ. ಮರಿ ಬಂದ್ಮೇಲೆ ಆ ಐದು ದಿನದ ಔಷಧಿ ಹಾಕಲಿಲ್ಲ. ಬ್ಯಾಚ್ ಮುಗಿದಾಗ ಎರಡೂ ಶೆಡ್ಡಿನ ಸಾವಿನ ಲೆಕ್ಕದಲ್ಲಿ ಹೇಳ್ಕೊಳ್ಳೋವಂಥ ವ್ಯತ್ಯಾಸ ಇರಲಿಲ್ಲ. ಒಂದು ಬ್ಯಾಚಿನ ಮೇಲೆ ನಾನು ಜಂಬ ಕೊಚ್ಚಲ್ಲ, ಅದು ಪ್ರಯೋಗಾನೂ ಅಲ್ಲ, ಆದ್ರೆ ಅವರ ಹೆಂಡತಿ ಸತ್ತ ಮರಿ ಬರೆಯೋ ನೋಟ್‌ಬುಕ್ ತಂದು ತೋರಿಸಿದಾಗ ನನಗೆ ಹೊಟ್ಟೆ ತುಂಬಿತು.

ಮುಂದಿನ ಬ್ಯಾಚಿಗೆ ಚಿಕನ್ ರೇಟ್ ಏರಿತ್ತು. ಎರಡು ವಾರ ಖಾಲಿ ಬಿಡೋಕೆ ಕಂಪನಿಯವರು ಒಪ್ಪಲಿಲ್ಲ, ಎಂಟನೇ ದಿನಕ್ಕೆ ಮರಿ ಗಾಡಿ ತಂದು ನಿಲ್ಲಿಸಿದ್ರು. ಹೋದ ವಾರ ಆ ಶಿರಾ ರೈತರು ಫೋನ್ ಮಾಡಿದ್ರು, ‘ಡಾಕ್ಟ್ರೇ, ಪೈಪ್ ತೊಳೆಯೋಕೆ ಟೈಮೇ ಸಿಗಲಿಲ್ಲ, ಬಾಟ್ಲಿ ಟ್ಯಾಂಕ್ ಮೇಲೆ ಇಟ್ಟು ಹೋಗಿದಾರೆ, ಏನ್ಮಾಡ್ಲಿ?’ ರಾತ್ರಿ ಹೊತ್ತು ಒಂದೊಂದೇ ಲೈನ್ ಬಿಚ್ಚಿ ತೊಳೀರಿ, ಬಾಟ್ಲಿ ಮೂರು ದಿನ ಮುಟ್ಟಬೇಡಿ, ಮರಿ ಕುಗ್ಗಿದಂಗೆ ಕಂಡ್ರೆ ನಾನು ಬರ್ತೀನಿ ಅಂದೆ. ‘ನೋಡೋಣ ಡಾಕ್ಟ್ರೇ’ ಅಂದ್ರು.